ಹಾಸಿಗೆ ಮೇಸ್ತ್ರಿಯ ಮೂರು ಗಂಟೆ ವಿಶ್ರಾಂತಿ

"ಮಲಗೋದೂ ಒಂದು ಕೆಲಸವೇನೇ? ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟ ಕೈ ಇದು!" ಎಂದು ಹಾಸಿಗೆ ಮೇಸ್ತ್ರಿ ತಮ್ಮ ಬಲಗೈಯನ್ನು ಹೆಂಡತಿಯ ಮೂಗಿನ ಮುಂದೆ ಝಳಪಿಸಿದರು.

ಜಂಬಕ್ಕೆ ಕಾರಣವಿತ್ತು. ಇಪ್ಪತ್ತೆರಡು ವರ್ಷಗಳಿಂದ ಅವರು ಹತ್ತಿ ತುಂಬಿ ಹೊಲಿದ ಹಾಸಿಗೆಗಳ ಮೇಲೆ ಅರ್ಧ ಊರು ಗೊರಕೆ ಹೊಡೆಯುತ್ತಿತ್ತು. ಅವರು ಮಾತ್ರ ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸಿದವರಲ್ಲ. ಫಲವಾಗಿ ಬಿ.ಪಿ. ನೆತ್ತಿಗೇರಿ ಕುಳಿತಿತ್ತು. "ಇವತ್ತು ಅಂಗಡಿ ಬೇಡ. ಊಟ ಮಾಡಿ ಮೂರು ಗಂಟೆ ಮಲಗಿ, ಐದಕ್ಕೆ ಬನ್ನಿ. ಇಳಿದಿಲ್ಲ ಅಂದ್ರೆ ಒಂದು ವಾರ ಆಸ್ಪತ್ರೇಲೇ ಇರ್ಬೇಕಾಗತ್ತೆ," ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ದಯವಿಟ್ಟು ಮಲಗ್ರೀ. ನಂಗೆ ನಿಜವಾಗ್ಲೂ ಭಯ ಆಗ್ತಿದೆ," ಎಂದಳು ಹೆಂಡತಿ. ಆಕೆ ಟೀಚರ್, ಯಾವುದನ್ನೂ ಒಂದೇ ಸಲ ಹೇಳಿ ಅಭ್ಯಾಸವಿಲ್ಲ. ಬಾಗಿಲಲ್ಲಿ ತಿರುಗಿ ನಿಂತು, "ಮಲಗ್ರೀ!" ಎಂದು ಮತ್ತೊಮ್ಮೆ ಹೇಳಿಯೇ ಶಾಲೆಗೆ ಹೋದಳು.

ಊಟ ಮುಗಿಸಿದ ಮೇಸ್ತ್ರಿ ಫ್ಯಾನನ್ನು ಐದಕ್ಕೆ ತಿರುಗಿಸಿ, ಸಿಂಹಾಸನವೇರುವ ಚಕ್ರವರ್ತಿಯ ಠೀವಿಯಲ್ಲಿ ಹಾಸಿಗೆಯೇರಿದರು. ಕಣ್ಣು ಮುಚ್ಚಿದ್ದೇ ತಡ, ಕೈ ತನ್ನ ಪಾಡಿಗೆ ತಾನು ಕೆಲಸಕ್ಕಿಳಿಯಿತು. ಒತ್ತಿತು. ಸವರಿತು. ಎಡಪಕ್ಕದಲ್ಲಿ ಗಕ್ಕನೆ ನಿಂತಿತು.

ಗಂಟು! ನಿಂಬೆಹಣ್ಣಿನ ಗಾತ್ರದ ಗಂಟು, ಅದೂ ಸಾಕ್ಷಾತ್ ಮೇಸ್ತ್ರಿಯ ಸ್ವಂತ ಹಾಸಿಗೆಯಲ್ಲಿ!

"ಐದೇ ನಿಮಿಷ," ಎಂದು ತಮಗೆ ತಾವೇ ಮಾತು ಕೊಟ್ಟು ಎದ್ದು ಕತ್ತರಿ ತಂದರು. ಒಂದು ಗೇಣು ಹೊಲಿಗೆ ಬಿಚ್ಚಿದರೆ ಗಂಟು ಒಳಕ್ಕೆ ಜಾರಿತು. ಇನ್ನೊಂದು ಗೇಣು ಬಿಚ್ಚಿದರೆ ಕಾಲಿನ ಕಡೆ ಓಡಿತು. "ನನ್ನ ಹತ್ರಾನೇ ಆಟಾನಾ?" ಎಂದು ಮೇಸ್ತ್ರಿ ಹಾಸಿಗೆಯನ್ನು ಈ ತುದಿಯಿಂದ ಆ ತುದಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಹೊರಗೆಳೆದು, ಅಂಗಡಿಯಲ್ಲಿ ಮಾಡುವಂತೆ ಕೋಲಿನಿಂದ ಬಡಿಯತೊಡಗಿದರು. ಅಂಗಡಿಯಲ್ಲಿ ಫ್ಯಾನ್ ಇರಲಿಲ್ಲ. ಇಲ್ಲಿತ್ತು, ಐದರಲ್ಲಿ!

ಅರೆ ನಿಮಿಷದಲ್ಲಿ ಕೋಣೆಯೆಲ್ಲ ಬಿಳಿ ಮೋಡ. ಸ್ವಿಚ್ ಕಾಣದೆ ಗೋಡೆಯನ್ನೆಲ್ಲ ತಡವಿದರು. ಸಿಕ್ಕಿದ್ದು ಬಾಗಿಲ ಚಿಲಕ. ತೆರೆದರು. ಹತ್ತಿ ಹಜಾರ ದಾಟಿ, ಅಡುಗೆಮನೆಯ ಹಾಲಿನಲ್ಲಿ ಈಜಿ, ಹಿತ್ತಲಿನ ಹಸಿ ಬಟ್ಟೆಗಳಿಗೆಲ್ಲ ಮೆತ್ತಿಕೊಂಡಿತು.

ನಾಲ್ಕಕ್ಕೆ ಹೆಂಡತಿ ಬಂದಾಗ ಮೇಸ್ತ್ರಿ ಮಂಚದಡಿ ತೂರಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

"ರೀ! ಏನ್ರೀ ಇದು?"

"ವಿಶ್ರಾಂತಿ ಕಣೇ," ಎಂದವು ಕಾಲುಗಳು.

"ಮಂಚದ ಕೆಳಗಾ?"

"ಗಂಟು ಸಿಕ್ತಾನೇ ಇಲ್ವೇ!"

ಬೈಯಲು ಬಾಯಿ ತೆರೆದಳು. ಹತ್ತಿ ಒಳಗೆ ಹೋಯಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ ಮೇಲೆ ಬಂದದ್ದು ಬೈಗುಳವಲ್ಲ, ಅಳು. "ಆಸ್ಪತ್ರೆಗೆ ಸೇರಿಸಿದ್ರೆ ಅಲ್ಲಿ ಹಾಸಿಗೇನೂ ಬಿಚ್ತೀರಾ?" ಮೇಸ್ತ್ರಿ ಮಂಚದಡಿಯಿಂದ ತೆವಳಿ ಹೊರಬಂದರು. ಮೈಗಂಟಿದ ಹತ್ತಿ ಕೊಡವಿ, ಚಪ್ಪಲಿ ಮೆಟ್ಟಿ ಆಕೆಯ ಹಿಂದೆ ಹೊರಟರು.

ಡಾಕ್ಟರ ಬಳಿ ಜನವೋ ಜನ. ಕಾಯಲು ಒಂದು ಬೋಳು ಮರದ ಬೆಂಚು. ಮೇಸ್ತ್ರಿ ಅಭ್ಯಾಸಬಲದಿಂದ ಒತ್ತಿ ನೋಡಿದರು. ಬಿಚ್ಚಲು ಹೊಲಿಗೆಯಿಲ್ಲ, ಬಡಿಯಲು ಹತ್ತಿಯಿಲ್ಲ; ಕೈಗೆ ಮಾಡಲು ಏನೆಂದರೆ ಏನೂ ಇಲ್ಲ! ಹೆಂಡತಿಯ ಹೆಗಲಿಗೆ ತಲೆ ವಾಲಿತು. ಗೊರಕೆ ಶುರುವಾಯಿತು.

ಸರದಿ ಬಂದರೂ ಆಕೆ ಎಬ್ಬಿಸಲಿಲ್ಲ. ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಹೆಗಲು ಜೋಮು ಹಿಡಿದರೂ ಅಲ್ಲಾಡದೆ ಕುಳಿತಳು. ಒಂದೂವರೆ ಗಂಟೆಯ ನಂತರ ಡಾಕ್ಟರೇ ಹೊರಬಂದು, ಮಲಗಿದ್ದವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು.

"ಭೇಷ್! ಇಳಿದಿದೆ. ಆಸ್ಪತ್ರೆ ಬೇಡ. ದಿನಾ ಹೀಗೇ ನಿದ್ದೆ ಮಾಡ್ಸಿ."

ಮೇಸ್ತ್ರಿ ಕಣ್ಣು ಬಿಟ್ಟರು. ಹೆಂಡತಿ ಕಣ್ಣೊರೆಸಿಕೊಂಡು, "ಹಾಗಾದ್ರೆ ಡಾಕ್ಟ್ರೇ, ಈ ಬೆಂಚು ಮಾಡಿದ ಬಡಗಿ ಯಾರು? ವಿಳಾಸ ಕೊಡಿ," ಎಂದಳು.

ಮೇಸ್ತ್ರಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬೆಂಚಿನ ಪಕ್ಕದಲ್ಲಿ ಆಗಷ್ಟೇ ಬಂದು ಕೂತಿದ್ದ ಅಜ್ಜಿ, ಹೋದ ತಿಂಗಳಷ್ಟೇ ಅವರಿಂದ ಹಾಸಿಗೆ ಹೊಲಿಸಿಕೊಂಡಿದ್ದವರು, ಮುಂದೆ ಬಾಗಿದರು.

"ಆ ವಿಳಾಸ ನಂಗೂ ಬರ್ಕೊಡಮ್ಮ!"