ಕಾಕಾ ತೆಗೆಯದ ಬಾಗಿಲು

ನಮ್ಮ ಕಾಕಾನಂಥ ಸುಳ್ಳುಗಾರರು ಬೀದರ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಸುಳ್ಳುಗಾರ ನಾನೇ ಇದ್ದರೂ ಇರಬಹುದು. ನಿಜವಾಗಿ ಏನಾಯಿತೆಂದು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನ ಪ್ರಕಾರ, ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನಾವಿಬ್ಬರೂ ಸೇರಿ ಕಂಪ್ಯೂಟರ್ ಆಟದ ರಾಕ್ಷಸ ರಾಜನನ್ನು ಕೊಂದೆವು. ಕಾಕಾನ ಪ್ರಕಾರ, ಆ ರಾಕ್ಷಸನ ಕೋಣೆಯ ಬಾಗಿಲನ್ನೇ ನಾವಿನ್ನೂ ತೆಗೆದಿಲ್ಲ! ಮದುವೆ, ಸೀಮಂತ, ಎಲ್ಲಿ ಸೇರಿದರೂ ಇದೇ ಜಗಳ. ಇತಿಹಾಸದಲ್ಲಿ ಎಂ.ಎ. ಮಾಡಿ, ಆಧಾರವಿಲ್ಲದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಪಾಠ ಹೇಳುವ ನಾನು, ಕಾಕಾನೆದುರು ಮಾತ್ರ ಆಧಾರವಿಲ್ಲದೆಯೇ ಕೂಗಾಡುತ್ತಿದ್ದೆ.

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ತೊಗರಿ, ಉದ್ದಿನ ಚೀಲ ತೂಗುವ ಕೆಲಸ ಅವರದು. ಅವರ ಮನೆಯಲ್ಲಿದ್ದು ನಾನು ಓದುತ್ತಿದ್ದೆ. ಓದಿಗೆ ಬೇಕಾದೀತೆಂದು, ಊರ ಪಕ್ಕದ ಕೊಳಾರದ ಕಾರ್ಖಾನೆಯೊಂದು ಹೊರಹಾಕಿದ ಕಂಪ್ಯೂಟರನ್ನು ಕೈಗಾಡಿಯಲ್ಲಿ ತಂದರು. ಅದರೊಳಗೆ ಆ ಆಟ ಮೊದಲೇ ಕೂತಿತ್ತು. ಇಬ್ಬರು ವೀರರು ಊರೂರು ತಿರುಗಿ, ಆಯುಧ ಕೊಂಡು, ಶಕ್ತಿ ಬೆಳೆಸಿಕೊಂಡು, ಕೊನೆಗೆ ರಾಕ್ಷಸನ ಕೋಟೆ ಸೇರಬೇಕು. ದೊಣ್ಣೆ ಹಿಡಿದ ವೀರ ಕಾಕಾ, ಮಂತ್ರ ಹಾಕುವವ ನಾನು. ಪರದೆಯ ಇಂಗ್ಲಿಷನ್ನು ನಮ್ಮ ಮಾತಿಗೆ ತರುವ ಹೊಣೆಯೂ ನನ್ನದೇ.

ಆಯುಧದ ಅಂಗಡಿಯವನು ಕತ್ತಿಗೆ ಒಂದು ಬೆಲೆ ಹೇಳಿದ. ಗಂಜಿನಲ್ಲಿ ಇಪ್ಪತ್ತು ವರ್ಷ ಕಳೆದವರು ಮೊದಲ ಬೆಲೆಗೆ ಒಪ್ಪುವುದುಂಟೇ? ಕಾಕಾ ಸರಸರ ಹೊರಬಂದು ಅಂಗಡಿಯ ಬಾಗಿಲಾಚೆ ನಿಂತರು. “ತಡಿ, ಕರೀತಾನ.” ಕರೆಯಲಿಲ್ಲ. ಮರುದಿನ ಹೋದರೂ ಅದೇ ಬೆಲೆ. ಕಂಪ್ಯೂಟರು ಚೌಕಾಶಿ ಮಾಡುವುದಿಲ್ಲ ಎಂದು ನಾನು ಪರಿಪರಿಯಾಗಿ ವಿವರಿಸಿದೆ.

“ಇಳಸ್ತಾನ,” ಎಂದರು. “ಅವನಿಗಿ ಬ್ಯಾರೆ ಗಿರಾಕಿ ಎಲ್ಲಿ ಅದಾರ? ನಾವಿಬ್ರೇ.”

ಈ ತರ್ಕದಲ್ಲಿ ತಪ್ಪು ಹುಡುಕಿ ನೋಡೋಣ! ಹೀಗಾಗಿ ಬೆಂಕಿ ಉಗುಳುವ ಹಾವುಗಳನ್ನೂ ನಮ್ಮ ವೀರ ದೊಣ್ಣೆಯಿಂದಲೇ ಬಡಿದ.

ಇನ್ನು ಊರು ಬಿಡುವ ವೈಭವ. ಆಟದಲ್ಲಿ ಯಾವ ಊರಿಂದ ಹೊರಟರೂ ಅಲ್ಲಿನ ಪ್ರತಿಯೊಬ್ಬರ ಮುಂದೆ ಹೋಗಿ ನಿಂತು “ಬರ್ತೀನ್ರಿ” ಎನ್ನದೆ ಕಾಕಾ ಹೆಜ್ಜೆ ಕೀಳುತ್ತಿರಲಿಲ್ಲ. ಕೋಟೆಯ ಕಾವಲುಗಾರ ನೂರು ಸಲ ಮಾತಾಡಿಸಿದರೂ ‘ಇವತ್ತು ಗಾಳಿ ಜೋರು’ ಎಂದಷ್ಟೇ ಹೇಳುವವ. ನಾನು ರೇಗಿದರೆ, ಪಾಪ, ಅವನಿಗೆ ಒಂದೇ ಮಾತು ಕಲಿಸಿದ್ದಾರೆ, ಕೇಳಿದರೆ ನಮ್ಮದೇನು ಹೋಗುತ್ತದೆ ಎನ್ನುತ್ತಿದ್ದರು. ಈಗ ಬೀದರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಸಭೆಗಳಲ್ಲಿ ಕೂತಾಗ ಈ ಉಪದೇಶ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಕೊನೆಗೂ ರಾಕ್ಷಸನ ಬಾಗಿಲಿಗೆ ಬಂದೆವು. ಇಬ್ಬರೂ ಒಪ್ಪುವ ಇತಿಹಾಸ ಇಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಕರೆಂಟು ಹೋಯಿತು, ಮರುದಿನ ನಾನು ಮುಂದಿನ ಓದಿಗೆಂದು ಧಾರವಾಡದ ಬಸ್ಸು ಹತ್ತಿದೆ, ದೀಪಾವಳಿಗೆ ಬರುತ್ತೇನೆ, ಅವತ್ತೇ ತೆಗೆಯೋಣ ಎಂದು ಮಾತು ಕೊಟ್ಟೆ ಎಂಬುದು ಕಾಕಾನ ವಾದ. ಗಂಜಿನಲ್ಲಿ ಅವರು ಪಾಲಿಸುತ್ತಿದ್ದ ರೂಢಿಯೊಂದಿತ್ತು: ಇಬ್ಬರ ಪಾಲಿನ ಚೀಲವಾದರೆ ಇಬ್ಬರೂ ಎದುರಿಗಿರದೆ ಅದರ ಬಾಯಿಯ ಹೊಲಿಗೆ ಬಿಚ್ಚುವಂತಿಲ್ಲ. ರಾಕ್ಷಸನ ಬಾಗಿಲಿಗೂ ಅದೇ ಕಾಯಿದೆಯಂತೆ! ನಾನಾದರೋ ಸಿಂಹಾಸನ ಉರುಳಿದ್ದು, ಕಾಕಾ ಚಪ್ಪಾಳೆ ಹೊಡೆದದ್ದು, ಪಕ್ಕದ ಕಿಟಕಿಯ ಬಿಸಿಲು ಪರದೆಗೆ ಬಿದ್ದಾಗ ನಾನು ಕೈ ಅಡ್ಡ ಹಿಡಿದದ್ದು, ಎಲ್ಲವನ್ನೂ ವರ್ಣಿಸಬಲ್ಲೆ. ಮಾತು ಕೊಟ್ಟದ್ದು ಮಾತ್ರ ನೆನಪಿಲ್ಲ. ದೀಪಾವಳಿಗೆ ಹೋಗಲಿಲ್ಲ ಎಂಬುದಂತೂ ನಿಜ. ಮೊದಲ ವರ್ಷ ಪರೀಕ್ಷೆ, ಆಮೇಲೆ ಸಂಶೋಧನೆ, ಮದುವೆಯಾದ ಮೇಲೆ ಭಾಲ್ಕಿಯ ಅತ್ತೆ ಮನೆ.

ಈ ವರ್ಷ ತೀರ್ಮಾನಿಸಿಯೇ ಬಿಟ್ಟೆ, ಇದು ಬಗೆಹರಿಯಲೇಬೇಕು. ಆ ಹಳೆ ಆಟವನ್ನು ಹುಡುಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಮೊದಲಿನಿಂದ ಆಡಿದೆ. ನಾವು ದಿನಗಟ್ಟಲೆ ದಾರಿ ತಪ್ಪಿ ಅಲೆದ ಘೋರಾರಣ್ಯದಲ್ಲಿ ಇದ್ದದ್ದು ಹದಿನಾಲ್ಕು ಮರ! ಎರಡು ಸಲ ಎಣಿಸಿದೆ. ಆದರೆ ಸಿಂಹಾಸನ ಮಾತ್ರ ನನ್ನ ನೆನಪಿನಲ್ಲಿದ್ದಂತೆಯೇ ಎಡಕ್ಕೆ ಉರುಳಿತು. ಸಿಕ್ಕಿತಲ್ಲ ಆಧಾರ! ಕಣ್ಣಾರೆ ಕಾಣದಿದ್ದರೆ ಎಡವೋ ಬಲವೋ ನನಗೆ ಹೇಗೆ ಗೊತ್ತಿರುತ್ತಿತ್ತು? ಭಾನುವಾರ ಬೆಳಿಗ್ಗೆಯೇ ಔರಾದ ಬಸ್ಸು ಹತ್ತಿದೆ. ಗಂಜಿನ ಕೆಲಸ ಬಿಟ್ಟ ಮೇಲೆ ಕಾಕಾ ಇರುವುದು ಅಲ್ಲೇ.

ನನ್ನ ವಾದವನ್ನೆಲ್ಲ ಕೇಳಿದ ಕಾಕಾ, ತಕ್ಕಡಿಯ ಮುಳ್ಳು ನೋಡುವವರಂತೆ ಕಣ್ಣು ಕಿರಿದು ಮಾಡಿ ಕೇಳಿದರು.

“ಬಿಸಿಲ ಎಲ್ಲಿಂದ ಬಂತು ಅಂದಿ?”

“ಕಿಟಕಿಯಿಂದ್ರಿ.”

“ಬೀದರದಾಗ ಕಂಪ್ಯೂಟರ್ ಇಟ್ಟಿದ್ದ ಖೋಲಿಗಿ ಕಿಟಕಿ ಎಲ್ಲಿತ್ತೋ ತಮ್ಮಾ?”

ಇರಲಿಲ್ಲ. ಅದು ಕಾಳಿನ ಚೀಲ ಇಡುವ ಖೋಲಿ. ಕಿಟಕಿ ಇದ್ದದ್ದು ಧಾರವಾಡದ ಹಾಸ್ಟೆಲ್ಲಿನಲ್ಲಿ, ಗೆಳೆಯನೊಬ್ಬನ ಕಂಪ್ಯೂಟರಿನ ಪಕ್ಕ. ಚಪ್ಪಾಳೆ ಹೊಡೆದವನು ಆ ಗೆಳೆಯ. ಪರೀಕ್ಷೆ ಇದೆ ಎಂದು ಊರಿಗೆ ಫೋನು ಮಾಡಿ, ಮೊದಲ ದೀಪಾವಳಿಯ ರಜೆಯಲ್ಲಿ ನಾನು ಮಾಡಿದ ಘನಕಾರ್ಯ ಅದು.

“ಕಾಕಾ, ನಾ ಅಲ್ಲಿ ನಿಮ್ಮನ್ನ ಬಿಟ್ಟು ಬಾಗಿಲ ತೆಗದೀನ್ರಿ.”

“ಅದು ಬ್ಯಾರೆ ಚೀಲ,” ಎಂದರು. “ನಮ್ದರ ಬಾಯಿ ಇನ್ನಾ ಹೊಲಿದಿದ್ದು ಹಂಗೇ ಅದ.”

ಮೂಲೆಯಲ್ಲಿ ಆ ಹಳೆ ಕಂಪ್ಯೂಟರ್ ಕೌದಿ ಹೊದ್ದು ಕೂತಿತ್ತು. “ನನಗ ಚಳಿ ಆದ್ರ ಯಾರೂ ಕೇಳಂಗಿಲ್ಲ, ಅದಕ ಕೌದಿ,” ಎಂದು ಕಾಕಿ ಅಡುಗೆಮನೆಯಿಂದ ಚುಚ್ಚಿದರು. ಕಾಕಾ ಕೌದಿ ತೆಗೆದು ಮಡಿಚಿಟ್ಟು ಗುಂಡಿ ಒತ್ತಿದರು. ಗಿರಣಿಯಂತೆ ಗುರುಗುಟ್ಟಿ ಯಂತ್ರ ಎದ್ದಿತು. ಉಳಿಸಿಟ್ಟ ಆಟಗಳ ಪಟ್ಟಿ ತೆರೆದುಕೊಂಡಿತು. ಎಲ್ಲವೂ ಅದೇ ಬಾಗಿಲ ಮುಂದೆ ಉಳಿಸಿದವು. ಒಂದಲ್ಲ, ಎರಡಲ್ಲ, ಇಪ್ಪತ್ತೊಂದು. ವರ್ಷಕ್ಕೊಮ್ಮೆ ಬಾಗಿಲತನಕ ನಡೆದು ಹೋಗಿ, ಸ್ವಲ್ಪ ಹೊತ್ತು ಕಾದು, ಉಳಿಸಿ ಬರುತ್ತಿದ್ದರಂತೆ.

ನಮ್ಮ ವೀರನ ಕೈಯಲ್ಲಿ ಇನ್ನೂ ದೊಣ್ಣೆಯೇ ಇತ್ತು. ಕತ್ತಿಯವನು ಬೆಲೆ ಇಳಿಸಲಿಲ್ಲವೇ ಎಂದು ಕೇಳಿದೆ. ಇಲ್ಲ, ಬಹಳ ಹಟಮಾರಿ ಎಂದರು! ಕಾವಲುಗಾರನಿಗೆ ನನ್ನಿಂದಲೂ “ಬರ್ತೀನ್ರಿ” ಹೇಳಿಸಿದರು. ಅವನು, ಇವತ್ತು ಗಾಳಿ ಜೋರು ಎಂದ.

“ಇಬ್ಬರೂ ಅದೀವಿ,” ಎಂದು ಕಾಕಾ ಕೀಲಿಮಣೆಯನ್ನು ನನ್ನತ್ತ ಸರಿಸಿದರು. “ತೆಗಿ.”

ತೆಗೆದೆ.

ಬೀದರಿಗೆ ಮರಳಿದ ಮೇಲೂ ನನ್ನ ಸಂಶಯದ ಬುದ್ಧಿ ಸುಮ್ಮನಿರಬೇಕಲ್ಲ! ಹಳೆ ಕಂಪ್ಯೂಟರಿನ ಗಡಿಯಾರವನ್ನು ನಂಬುವಂತಿಲ್ಲ. ಒಳಗಿನ ಬ್ಯಾಟರಿ ಸತ್ತರೆ ತಾರೀಖು ಮನಬಂದಂತೆ ತೋರಿಸುತ್ತದೆ. ಪಟ್ಟಿಯಲ್ಲಿದ್ದ ತಾರೀಖುಗಳನ್ನೆಲ್ಲ ಬರೆದುಕೊಂಡು ಬಂದಿದ್ದೆ. ಹಳೆ ಪಂಚಾಂಗಗಳನ್ನು ಹುಡುಕಿ ಒಂದೊಂದನ್ನೂ ಹೋಲಿಸಿ ನೋಡಿದೆ. ಒಂದು ವರ್ಷ ಅಕ್ಟೋಬರ್, ಇನ್ನೊಂದು ವರ್ಷ ನವೆಂಬರ್. ಇಪ್ಪತ್ತೊಂದೂ ದೀಪಾವಳಿ ಪಾಡ್ಯ.