ಒಂದೇ ಒತ್ತಿಗೆ ಏರುವ ಗಾಜು

ನಮ್ಮ ಕಡೆಯ ಜನ ಬೀಗರ ಮನೆಯಲ್ಲಿ ಅರ್ಧ ದಿನ ಕೂತರೂ ಮುಖ್ಯ ಮಾತನ್ನು ಆಡುವುದಿಲ್ಲ. ಮಳೆ, ಭತ್ತ, ಎಮ್ಮೆಯ ಹಾಲು ಎಲ್ಲ ಮುಗಿಸಿ, ಚಹಾದ ಮೇಲೆ ಚಹಾ ಕುಡಿದು, "ಹೋಗಿ ಬರ್ತೀವ್ರಿ" ಎಂದು ಎದ್ದು ಗಾಡಿ ಹತ್ತಿದ ಮೇಲೆ, ಕಿಟಕಿಗೆ ಕೈಯೂರಿ ನಿಂತಾಗಲೇ ಹೊಟ್ಟೆಯೊಳಗಿನ ಮಾತು ಹೊರಬೀಳುವುದು. ಶಾಲೆಯಲ್ಲಿ ನೌಕರಿ ಮಾಡುವ ನನ್ನ ಮಗಳು ಗಿರಿಜಾಳ ಎರಡು ಸಂಬಂಧ ಮುರಿದದ್ದು ಈ ಕಿಟಕಿಯಲ್ಲೇ. ಅವರು ಒಂದು ಮಾತು ಆಡುವುದು, ನಾನು ಅದಕ್ಕೆ ಹತ್ತು ಸೇರಿಸುವುದು. ಅರಿವೆ ಅಂಗಡಿ ಇಟ್ಟವನು ನಾನು. ಗಿರಾಕಿಯ ಜೊತೆ ವಾದಿಸಿ ಗೆದ್ದೇ ಅನ್ನ ಉಂಡವನು. ಬೀಗರು ಗಿರಾಕಿಗಳಲ್ಲ ಎಂಬುದು ಆ ಹೊತ್ತಿಗೆ ಹೊಳೆಯುವುದೇ ಇಲ್ಲ.

ನನ್ನ ಕಾರು ಮೂರು ಕೈ ದಾಟಿ ಬಂದದ್ದು. ಹಿಡಿಕೆ ತಿರುವಿ ಗಾಜು ಏರಿಸುವಷ್ಟರಲ್ಲಿ ರಟ್ಟೆ ನೋಯುತ್ತಿತ್ತು. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ನಮ್ಮ ಬೆಳಗಾವಿಯ ಖಾಸಬಾಗದಲ್ಲಿ ಕಾರು ರಿಪೇರಿ ಮಾಡುವ ಬಾಳೂ ಮಿಸ್ತ್ರಿ ಗೋವಾದ ಗುಜರಿಯಿಂದ ಪರದೇಶದ ಕಾರಿನ ಮೋಟರೊಂದನ್ನು ತಂದು ನನ್ನ ತಲೆ ಕೆಡಿಸಿದ.

"ಗುಂಡಿ ಒಮ್ಮೆ ಮುಟ್ರಿ ಸಾವಕಾರ್ರ, ಗ್ಲಾಸ ತಾನ ಪೂರಾ ಏರತೈತಿ."

"ನಡುವ ನಿಂದರಸಬೇಕಂದ್ರ?"

"ನಿಂದರೂದಿಲ್ಲ. ಅದರ ಮಜಾನ ಅದ ಐತ್ರಿ."

ಮೋಟರು ಒಂದೇ ಇದ್ದುದರಿಂದ ಅದನ್ನು ನನ್ನ ಬದಿಯ ಬಾಗಿಲಿಗೆ ಕೂಡಿಸಿ, ಗುಂಡಿಯನ್ನು ಸ್ಟೇರಿಂಗಿನ ಎಡಕ್ಕೆ ಇಟ್ಟು, ಹಳೆಯ ಹಿಡಿಕೆಯನ್ನು ಕಿತ್ತೊಯ್ದ. ನಾನು ಅನಗೋಳದ ನಮ್ಮ ಓಣಿಯಲ್ಲಿ ಕಾರಣವಿಲ್ಲದೆ ಗಾಜು ಏರಿಸುತ್ತ ಇಳಿಸುತ್ತ ಸುತ್ತಿದೆ. ಯಾರೂ ಏನೂ ಕೇಳಲಿಲ್ಲ. ಜನಕ್ಕೆ ಹೊಟ್ಟೆಕಿಚ್ಚು ಎಂದುಕೊಂಡೆ.

ಆ ವಾರವೇ ಗಿರಿಜಾಳಿಗೆ ಬಂದ ಹೊಸ ಸಂಬಂಧದ, ಖಾನಾಪುರದ ಬೀಗರ ಮನೆ ನೋಡಲು ಹೋಗಬೇಕಿತ್ತು. ಹುಡುಗಿಯನ್ನು ಅವರು ಆಗಲೇ ನೋಡಿ ಮೆಚ್ಚಿದ್ದರು. ಹೊರಡುವಾಗ ಹೆಂಡತಿ ಪಾರ್ವತಿ ಕೈಮುಗಿದಳು: "ಕಡೀಕ ಬಾಯಿ ಬಿಡಬ್ಯಾಡ್ರಿ, ನಿಮಗ ಪುಣ್ಯಾ ಬರತೈತಿ. ಗಿರಿಜಾನ ಮನಸಿಗೆ ಈ ಹುಡುಗ ಬಂದಾನ."

ಮನೆ ಚೆನ್ನಾಗಿತ್ತು, ಉಪ್ಪಿಟ್ಟು ಇನ್ನೂ ಚೆನ್ನಾಗಿತ್ತು. ಹೊರಟಾಗ ಹನಿ ಶುರುವಾಯಿತು. ಪಾರ್ವತಿಯ ಬದಿಗೆ ಹೆಣ್ಣುಮಕ್ಕಳು ಮುತ್ತಿದರು. ಹುಡುಗನ ತಂದೆ ಶಿವಪ್ಪನವರು ಕೊಡೆ ಹಿಡಿದು ನನ್ನ ಕಿಟಕಿಗೆ ಬಂದು, "ಒಂದ ಮಾತ್ರಿ ಬೀಗರ..." ಎಂದರು. ಮಾತು ಹೇಗೂ ಇದ್ದದ್ದೇ, ಮೊದಲು ಇವರಿಗೆ ನಮ್ಮ ಸೌಕರ್ಯ ತೋರಿಸೋಣ ಎನ್ನಿಸಿ ಗುಂಡಿ ಮುಟ್ಟಿದೆ. ಗಾಜು ಗಂಭೀರವಾಗಿ ಮೇಲೇರಿತು. ಇಳಿಸಲು ಮತ್ತೆ ಒತ್ತಿದರೆ ಮೋಟರು ಒಮ್ಮೆ ನರಳಿ ಸುಮ್ಮನಾಯಿತು.

ಹೊರಗೆ ಅವರ ಬಾಯಿ ಆಡುತ್ತಲೇ ಇತ್ತು. ಒಳಗೆ ಇಂಜಿನ್ನಿನ ಸದ್ದು, ಮಳೆಯ ಸದ್ದು. ತೋರಿಸಲು ಹೋದ ಸೌಕರ್ಯ ಕೆಟ್ಟಿತೆಂದು ಬೀಗರೆದುರು ಒಪ್ಪಿಕೊಳ್ಳುವುದು ಹೇಗೆ? ಗೋಣು ಹಾಕಿದೆ. ಅವರು ಅಚ್ಚರಿಯಿಂದ ಮತ್ತೇನೋ ಕೇಳಿದರು. ಮತ್ತೆ ಹಾಕಿದೆ.

ದಾರಿಯಲ್ಲಿ ಪಾರ್ವತಿ ಕೇಳಿದಳು: "ಏನಂದ್ರರೀ ಅವರು?"

"ಗೊತ್ತಿಲ್ಲ."

"ನೀವೇನಂದ್ರಿ?"

"ಹೂಂ ಅಂದೆ."

ಆಮೇಲೆ ಮನೆ ಮುಟ್ಟುವವರೆಗೆ ಆಕೆ ದಾರಿಯ ಗುಡಿಗಳಿಗೆಲ್ಲ ಹರಕೆ ಹೊತ್ತಳು. ನನಗೂ ಭಯವಾಯಿತು. ಮಗಳ ಬಾಳಿಗೆ ಏನು ಒಪ್ಪಿಬಂದೆನೋ!

ಮುಂದಿನ ಸೋಮವಾರ ಶಿವಪ್ಪನವರು ಸಂಬಂಧ ಗಟ್ಟಿ ಮಾಡಲು ಸಕ್ಕರೆ, ತೆಂಗಿನಕಾಯಿ ಹಿಡಿದು ಬಂದೇಬಿಟ್ಟರು. "ಹುಡುಗಿ ಸಾಲಿ ನೌಕರಿ ಬಿಡೂದು ಬ್ಯಾಡ, ನನ್ನ ಮಗಾನ ಬೆಳಗಾವ್ಯಾಗ ಮನಿ ಮಾಡ್ತಾನ, ನಡೀತೈತೇನ್ರಿ ಅಂತ ಕೇಳಿದೆ. ನೀವು ಭಾಳ ಹಳೇ ಪದ್ಧತಿಯವರು, ಜಗಳಾ ತಗೀತೀರಿ ಅಂತ ಕೇಳಿದ್ದೆ. ಖರೇ ಹೇಳ್ತೀನಿ, ಒಂದ ಮಾತೂ ಎದುರಾಡಲಿಲ್ಲ!"

ಬಾಗಿಲ ಹಿಂದೆ ನಿಂತಿದ್ದ ಗಿರಿಜಾಳ ಮುಖ ನೋಡಿದೆ. 'ಅಳಿಯನಾದವನು ಮಾವನ ಊರಲ್ಲಿ ಬಂದಿರುವುದೇ? ಎಲ್ಲಾದರೂ ಉಂಟೇ?' ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಸಕ್ಕರೆಯೊಂದಿಗೆ ನುಂಗಿದೆ. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಅಂಗಡಿಯ ಯಾವ ರೇಷ್ಮೆ ಕೊಟ್ಟಾಗಲೂ ಕಂಡಿರಲಿಲ್ಲ.

ಲಗ್ನದ ಹೊತ್ತಿಗೆ ಬಾಳೂ ಗಾಜನ್ನು ದುರಸ್ತಿ ಮಾಡಿದ್ದ. ಮನೆ ತುಂಬಿಸಿಕೊಳ್ಳುವ ಶಾಸ್ತ್ರಕ್ಕೆ ಮಗಳು ಅಳಿಯ ಖಾನಾಪುರಕ್ಕೆ ನನ್ನ ಕಾರಿನಲ್ಲೇ ಹೊರಟರು. ಸ್ಟೇರಿಂಗ್ ಹಿಡಿದು ಕೂತ ಅಳಿಯನ ಕಿಟಕಿಗೆ ಕೈಯೂರಿ ನಾನು ಶುರುಮಾಡಿದೆ. ಗೇರು ಹೇಗೆ ಬದಲಿಸಬೇಕು, ಸಂಸಾರ ಹೇಗೆ ಮಾಡಬೇಕು, ಹಿರಿಯರ ಮಾತನ್ನು ಯಾಕೆ ಕೇಳಬೇಕು. "ಇನ್ನೊಂದ ಮಾತು ಅಳಿಯಂದಿರ..." ಎನ್ನುವಷ್ಟರಲ್ಲಿ ಗಾಜು ಏರತೊಡಗಿತು. ಕೈ ಎಳೆದುಕೊಂಡೆ.

ಗುಂಡಿಯ ಮೇಲೆ ಹಸಿರು ಬಳೆಯ ಕೈಯಿತ್ತು. ಗಾಜಿನಾಚೆ ಗಿರಿಜಾ ಅಳುತ್ತ ನಗುತ್ತ ನನಗೆ ಏನೋ ಹೇಳುತ್ತಿದ್ದಳು. ಒಂದಕ್ಷರವೂ ಕೇಳಿಸಲಿಲ್ಲ. ಗೋಣು ಹಾಕಿದೆ.