ಕಂಪ್ಯೂಟರಿನ ವಿರಾಸತ್

ಹೊಸ ಕಂಪ್ಯೂಟರ್ ಜೋಡಿಸುವುದು ನನಗೆ ಅರ್ಧ ದಿನದ ಕೆಲಸ. ಹಳೆಯದರ ಲೈಸೆನ್ಸನ್ನು ಹೊಸದಕ್ಕೆ ದಾಟಿಸುವಾಗ ಮಾತ್ರ ಏನಾದರೊಂದು ಆಗಿಯೇ ಆಗುತ್ತದೆ. ಬೀದರದ ನನ್ನ ಅಂಗಡಿಗೆ ಬರುವ ಹೆಚ್ಚಿನವರಿಗೆ ಲೈಸೆನ್ಸ್ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲವಾದ್ದರಿಂದ ನಾನು ಸುಖವಾಗಿದ್ದೆ. ಗೊತ್ತಿದ್ದವರು ಒಬ್ಬರೇ, ಔರಾದಿನ ಪಟವಾರಿ ಕಾಕಾ. ಮೂವತ್ತು ವರ್ಷ ಹೊಲದ ದಾಖಲೆ ಬರೆದು ನಿವೃತ್ತರಾಗಿ, ತಹಸೀಲ್ ಕಚೇರಿಯ ಎದುರಿನ ಕೋಣೆಯಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಆಪರೇಟಿಂಗ್ ಸಿಸ್ಟಮ್ಮನ್ನು ಡಬ್ಬಿಸಮೇತ ಕೊಂಡವರು ಆ ತಾಲೂಕಿನಲ್ಲಿ ಅವರೊಬ್ಬರೇ ಇರಬೇಕು. ಸತತ ಎರಡನೇ ಬರದ ವರ್ಷ, ವೋಲ್ಟೇಜ್ ಏರಿಳಿದು ಅವರ ಕಂಪ್ಯೂಟರ್ ಸುಟ್ಟಿತು.

೧. ಅಸಲಿ ಕಾಗದ

ಹೊಸದನ್ನು ಜೋಡಿಸಿ ಫೋನ್ ಮಾಡಿದೆ. "ಕಾಕಾ, ಡಬ್ಬಿ ಮ್ಯಾಲಿನ ನಂಬರ್ ಹೇಳ್ರಿ. ಇಲ್ಲೇ ಹಾಕಿ ಕಳಸ್ತೇನಿ."

"ನಂಬರ್ ಬಾಯಿಲೇ ಹೇಳೂದಲ್ಲ ತಮ್ಮಾ. ಅಸಲಿ ಕಾಗದ ನೋಡಿ ಹಾಕಬೇಕು."

"ಹಂಗಾದ್ರ ಡಬ್ಬಿ ಕಳಸ್ರಿ."

"ಅಸಲಿ ದಾಖಲೆ ತಾಲೂಕು ದಾಟೂದಿಲ್ಲ."

ಹೀಗಾಗಿ ಕಂಪ್ಯೂಟರ್ ತಾಲೂಕು ದಾಟಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಿಟಕಿಯಾಚೆ ಬಿತ್ತದ ಹೊಲಗಳು ಬಿಸಿಲಿನಲ್ಲಿ ತೆಳ್ಳಗೆ ತೇಲುತ್ತಿದ್ದವು. ಕಣ್ಣು ಅರೆ ಮುಚ್ಚಿದರೆ ಕೆರೆಯೆನ್ನಬಹುದಿತ್ತು. ಎದುರಿನಿಂದ ಬರುವ ಪ್ರತಿ ಬಸ್ಸಿನ ಮೇಲೂ ಗಂಟು, ಕೊಡ, ಒಂದೆರಡು ಹೊರಸು.

ಕಂಡಕ್ಟರ್ ನನ್ನ ತೊಡೆ ನೋಡಿದ. "ಮಂದಿ ಎಲ್ಲಾ ಸಾಮಾನ ಕಟ್ಕೊಂಡು ಈ ಕಡಿಂದ ಹೊಂಟದ. ಸಾಮಾನ ತಗೊಂಡು ಆ ಕಡಿ ಹೊಂಟವರು ನೀವೊಬ್ಬರೇ ನೋಡ್ರಿ. ಮನ್ಯಾಗ ಹೇಳಿ ಬಂದೀರಿಲ್ಲ?"

೨. ತಕರಾರು

ಕಾಕಾನ ಕೋಣೆಯ ಮುಂದೆ ಬೇವಿನ ನೆರಳಿನಲ್ಲಿ ಹತ್ತಾರು ಮಂದಿ ಕಾಗದ ಹಿಡಿದು ಕೂತಿದ್ದರು. ಎಲ್ಲರಿಗಿಂತ ಮುಂದೆ ಠಾಣಾ ಕುಶನೂರಿನ ಒಬ್ಬ ತಾಯಿ, ಪಕ್ಕದಲ್ಲಿ ಆರನೇ ಇಯತ್ತೆಯ ಮಗಳು. ಸಂಜೆಯ ಬಸ್ಸಿಗೆ ಪುಣೆಯ ಕಡೆ ಹೊರಟವರು. ಐದರೊಳಗೆ ಎದುರಿನ ಕಚೇರಿಗೆ ಹಾಸ್ಟೆಲಿನ ಅರ್ಜಿ ಮುಟ್ಟಿದರೆ ಹುಡುಗಿ ಸಾಲೆಗೆ. ಮುಟ್ಟದಿದ್ದರೆ ತಾಯಿಯ ಜೊತೆ ಇಟ್ಟಿಗೆ ಹೊರಲು.

"ಲೈಸೆನ್ಸ್ ಆಮ್ಯಾಲ ನೋಡೂಣ ಕಾಕಾ," ಎಂದೆ. "ಅದಿಲ್ಲದೇನೂ ಅರ್ಜಿ ಬರ್ತದ."

"ವಿರಾಸತ್ ಆಗದ ಹೊಲದಾಗಿನ ಜ್ವಾಳ ಯಾರ್ದು, ಹೇಳು?"

ವಿರಾಸತ್ ಎಂದರೆ ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವುದು.

"ಲೈಸೆನ್ಸ್ ಇಲ್ಲದ ಯಂತ್ರದ ಅರ್ಜಿನೂ ಹಂಗೇ. ನಾಳಿ ಯಾರರ ತಕರಾರು ತಗದ್ರ ಈ ಕೂಸಿನ ಗತಿ?"

ಹಳೆಯ ಕಂಪ್ಯೂಟರಿನ ಪಂಚನಾಮೆ ಆಗಲೇ ಸಿದ್ಧವಿತ್ತು. ಗುಂಡಿ ಒತ್ತಿದರೂ ಏಳುವುದಿಲ್ಲವೆಂದು ಇಬ್ಬರು ಪಂಚರು ರುಜು ಹಾಕಿದ್ದರು. ಲೈಸೆನ್ಸ್ ಹೊಸದಕ್ಕೆ ಹೋಗಲಿದೆ, ತಕರಾರಿದ್ದವರು ತಿಳಿಸತಕ್ಕದ್ದು ಎಂದು ಬಾಗಿಲಿಗೊಂದು ನೋಟಿಸು. ನಾನು ನಗುವಷ್ಟರಲ್ಲಿ ತಕರಾರು ಬಂತು. ತಂದವನು ಭಾಲ್ಕಿಯಲ್ಲಿರುವ ಕಾಕಾನ ಅಳಿಯ.

"ಹಳೇದು ನನಗ ಕೊಡ್ತೇನಂತ ಮಾವನವರು ಮಾತು ಕೊಟ್ಟಾರ. ಅದರಾಗ ಏನೇನದ ಎಲ್ಲಾ ನಂದು."

"ಸುಟ್ಟದ್ರೀ ಅದು," ಎಂದೆ.

"ಸುಟ್ಟದ್ದೂ ನಂದೇ."

ಗಡಿಯಾರ ಮೂರು ದಾಟಿತ್ತು. ಆ ತಾಯಿ ಎದ್ದು ನಿಂತಳು. "ಅಳಿಯಾರ, ಮಗಳ್ನೇ ಕೊಟ್ಟಾರ, ಇನ್ನೇನು ಕೊಡಬೇಕ್ರಿ? ಪೆಟ್ಟಿಗಿ ಒಯ್ರಿ, ಹಕ್ಕು ಬಿಡ್ರಿ. ನನ್ನ ಬಸ್ಸು ಹೋಗ್ತದ."

ಅಳಿಯ ರುಜು ಮಾಡಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಕಾಕಾ ಕಡತದಲ್ಲಿ ಷರಾ ಬರೆದರು: ವಾದಿಗೆ ತಗಡು, ಪ್ರತಿವಾದಿಗೆ ಲೈಸೆನ್ಸ್.

೩. ಇನ್ನೇನಾದರೂ ಸೇವೆ

ಡಬ್ಬಿಯ ಮೇಲಿನ ನಂಬರ್ ನೋಡಿ ಹಾಕಿ, ಒಪ್ಪಿಗೆಗೆಂದು ಕಂಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮೊದಲು ಯಂತ್ರದ ದನಿ, ಆಮೇಲೆ ಕಾಯಿಸುವ ಸಂಗೀತ. ಹೊರಗಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗೊರಗಿ ಕೂತರು. ಒಬ್ಬ ಮುದುಕಿ ಕಣ್ಣು ಮುಚ್ಚಿ ಮೆಲ್ಲಗೆ ತಲೆದೂಗಿದಳು. ಅಷ್ಟು ಹೊತ್ತು ಬರವೂ ಇರಲಿಲ್ಲ, ಪುಣೆಯೂ ಇರಲಿಲ್ಲ. ಸಂಗೀತ ನಿಂತಾಗ ಎಲ್ಲರಿಗೂ ಸ್ವಲ್ಪ ಬೇಸರವಾಯಿತು.

ಕಂಪನಿಯ ಹುಡುಗಿಯೊಬ್ಬಳು ಹಿಂದಿಯಲ್ಲಿ ಕೇಳಿದಳು: ಹಳೆಯ ಕಂಪ್ಯೂಟರಿನಲ್ಲಿ ಈ ಲೈಸೆನ್ಸ್ ಈಗಲೂ ಬಳಕೆಯಲ್ಲಿದೆಯೇ? ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಫೋನ್ ಎಳೆದುಕೊಂಡು, ಪೂರ್ತಿ ಪಂಚನಾಮೆಯನ್ನು ನಮ್ಮ ಕಡೆಯ ದಖನಿ ಉರ್ದುವಿಗೆ ತಿರುಗಿಸುತ್ತ ಓದಿದರು. ಅವಳು ಕೊನೆಯವರೆಗೂ ಕೇಳಿ, ಆ ಯಂತ್ರ ಈಗೆಲ್ಲಿದೆ ಎಂದಳು.

"ಭಾಲ್ಕಿ ದಾರಿಯಲ್ಲಿ. ಅಳಿಯನ ತಾಬೆಯಲ್ಲಿ."

ಅವಳು ಅಂಕಿಗಳನ್ನು ಹೇಳತೊಡಗಿದಳು. ನಾನು ಒತ್ತುತ್ತ ಹೋದೆ. ಲೈಸೆನ್ಸ್ ಒಪ್ಪಿಗೆಯಾಯಿತು.

"ಕಾಗದ ಕೈಗೆ ಬರೋವರೆಗೂ ಫೋನ್ ಇಡಬೇಡ ಬೇಟಾ," ಎಂದರು ಕಾಕಾ. ಪಾಪ, ಅವಳು ಇಡಲಿಲ್ಲ. ಅರ್ಜಿ ಟೈಪಾಗಿ ಪ್ರಿಂಟಾಯಿತು. ತಾಯಿ ಅದನ್ನು ಹಿಡಿದು ರಸ್ತೆ ದಾಟಿ ಓಡಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಮೊಹರು ಬಿದ್ದ ಸ್ವೀಕೃತಿಯೊಂದಿಗೆ ಬಂದು ಮಗಳ ಕೈಗಿಟ್ಟಳು. ಹುಡುಗಿ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು.

ಫೋನಿನಲ್ಲಿ ಆ ದನಿ, ರೂಢಿಯಂತೆ: "ಇನ್ನೇನಾದರೂ ಸೇವೆ ಬೇಕೇ?"

ಕಾಕಾ ಬೆಚ್ಚಿದರು. ಮೂವತ್ತು ವರ್ಷದ ನೌಕರಿಯಲ್ಲಿ ಈ ಪ್ರಶ್ನೆಯನ್ನು ಅವರು ಕೇಳಿಸಿಕೊಂಡಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ. "ಒಂದೇ ಮಧ್ಯಾಹ್ನದಾಗ ವಿರಾಸತ್ ಮಾಡ್ಯಾಳ," ಎಂದು ಕೋಣೆಗೆಲ್ಲ ಹೇಳಿದರು, "ಮ್ಯಾಲ ಇನ್ನೇನು ಬೇಕಂತ ಕೇಳ್ತಾಳ. ಸಾಲು ಹಚ್ರಿ."

ಎಲ್ಲರೂ ಎದ್ದರು. ಒಬ್ಬನದು ರೇಷನ್ ಕಾರ್ಡು, ಇನ್ನೊಬ್ಬಳದು ಓಣಿಗೆ ಬಾರದ ಟ್ಯಾಂಕರ್. ಅವಳು ಬರೀ ಕಂಪ್ಯೂಟರಿಗೆ ಎಂದು ನಾನು ಮೆಲ್ಲಗೆ ಹೇಳಿದೆ, ಯಾರೂ ಕೇಳಲಿಲ್ಲ. ಸಾಲು ಬಾಗಿಲು ದಾಟಿ ಇಳಿಬಿಸಿಲಿಗೆ ಚಾಚಿತು. ಅದರ ಮೊದಲಿಗೆ ಕಾಕಾನೇ ನಿಂತಿದ್ದರು, ಕೈಯಲ್ಲಿ ತಮ್ಮ ಸ್ವಂತ ಹೊಲದ ಪಹಣಿ.

"ಬರೆದುಕೋ ಬೇಟಾ," ಎಂದರು. "ಖಾತೆದಾರ ನಮ್ಮಪ್ಪ. ತೀರಿಹೋಗಿ ಇಪ್ಪತ್ತು ವರ್ಷವಾಯಿತು."